ಹಸುವನ್ನು ಸಂಶಯಿಸುವ ಮುನ್ನ: ಹಾಲಿನ ಕೋಶಗಣಕ ಮತ್ತು ಅದರ ದೋಷಪತ್ತೆ ತಂತ್ರಾಂಶ

ನಮ್ಮ ಜಿಲ್ಲೆಯ ವಾಣಿಜ್ಯವನ್ನು ಕುರಿತು ಮಾತು ಬಂದಾಗ ಚಾಮರಾಜನಗರದ ಕರಿಕಲ್ಲು, ರೇಷ್ಮೆ, ಅರಿಶಿನ ಹಾಗೂ ಗುಂಡ್ಲುಪೇಟೆಯ ಚೆಂಡುಹೂವು, ತರಕಾರಿಗಳ ಪ್ರಸ್ತಾಪ ಬರುವುದು ವಾಡಿಕೆ. ಆದರೆ ವರ್ಷದ ಎಲ್ಲ ದಿನವೂ, ದಿನಕ್ಕೆರಡು ಬಾರಿ, ಹಳ್ಳಿಹಳ್ಳಿಗಳಲ್ಲಿ ಅಳತೆಗೆ ಬಂದು ಲೆಕ್ಕ ಸೇರುವ ಸರಕು ಹಾಲು ಮಾತ್ರ. ಅದರ ಬಹುಪಾಲು ಹಾಲು ಉತ್ಪಾದಕರ ಸಹಕಾರ ಸಂಘಗಳ ಮೂಲಕ ಕುದೇರಿನಲ್ಲಿರುವ ಜಿಲ್ಲಾ ಒಕ್ಕೂಟದ ಘಟಕವನ್ನು ತಲುಪುತ್ತದೆ. ಉಳಿದ ಹಾಲನ್ನು ನಂಬಿ ಪನೀರ್, ಮೊಸರು, ಖೋವಾ, ತುಪ್ಪ ತಯಾರಿಸುವ ಸಣ್ಣ ಘಟಕಗಳು ನಡೆಯುತ್ತಿವೆ. ಇಂಥ ಘಟಕಗಳಿಗೆ ಹಾಲು ಪರೀಕ್ಷಾ ಉಪಕರಣಗಳನ್ನು ಒದಗಿಸಿ, ಕೆಟ್ಟಾಗ ರಿಪೇರಿ ಮಾಡಿಕೊಡುವುದು ಈ ಲೇಖಕನ ವ್ಯಾಪಾರ.

ಜಿಡ್ಡಿನಂಶ ಮತ್ತು ಎಸ್‌ಎನ್‌ಎಫ್ ಅಳೆಯುವ ಯಂತ್ರಗಳ ಪರಿಚಯ ನಮ್ಮವರಿಗೆಲ್ಲ ಇದೆ. ಅವು ತಪ್ಪಿದರೆ ಹಾಲು ಹಾಕುವವರೇ ಮೊದಲು ಜಗಳಕ್ಕೆ ಬರುತ್ತಾರೆ, ಏಕೆಂದರೆ ತಮ್ಮ ಹಸುವಿನ ಜಿಡ್ಡು ಎಷ್ಟಿರಬೇಕೆಂಬ ಅಂದಾಜು ಅವರಿಗೆ ಇರುತ್ತದೆ. ಕೋಶಗಣಕ ಎಂಬ ಹೊಸ ಉಪಕರಣದ ಸಂಗತಿ ಹಾಗಲ್ಲ. ಅದು ತೋರಿಸುವ ಅಂಕಿಯನ್ನು ಪ್ರಶ್ನಿಸುವ ಧೈರ್ಯ ಕೊಳ್ಳುವವನಿಗೂ ಇಲ್ಲ, ಮಾರುವವನಿಗೂ ಇಲ್ಲ. 2023ರ ಜನವರಿಯಲ್ಲಿ ಗುಂಡ್ಲುಪೇಟೆಯ ಒಂದು ಪನೀರ್ ಘಟಕದಲ್ಲಿ ನಡೆದ ಪ್ರಸಂಗವೇ ಈ ಲೇಖನಕ್ಕೆ ಪ್ರೇರಣೆ. ಅದನ್ನು ಹೇಳುವ ಮೊದಲು ಯಂತ್ರ ಎಣಿಸುವುದೇನನ್ನು ಎಂಬುದನ್ನು ತಿಳಿಸುವುದು ಅಗತ್ಯ.

ಅಂಕಿಯ ಹಿಂದಿರುವುದೇನು?

ಹಸುವಿನ ದೇಹದಿಂದ ಹಾಲಿಗೆ ಸೇರುವ ಜೀವಕೋಶಗಳಿಗೆ ದೈಹಿಕ ಕೋಶ ಅಥವಾ ಸೊಮ್ಯಾಟಿಕ್ ಸೆಲ್ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು. ಆರೋಗ್ಯವಂತ ಕೆಚ್ಚಲಿನ ಹಾಲಿನಲ್ಲಿ ಪ್ರತಿ ಮಿಲಿಲೀಟರಿಗೆ ಸಾಮಾನ್ಯವಾಗಿ ಒಂದು ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. ಎರಡು ಲಕ್ಷ ದಾಟಿದರೆ ಕೆಚ್ಚಲು ಬಾವಿನ ಸಂಶಯಕ್ಕೆ ಎಡೆಯುಂಟು. ಕೆಚ್ಚಲು ಊದಿಕೊಳ್ಳದೆ, ಹಾಲು ಒಡೆಯದೆ, ಹಸು ಮೇವು ಬಿಡದೆ ಒಳಗೊಳಗೇ ಇರುವ ಗುಪ್ತ ಬಾವು ಈ ಎಣಿಕೆಯಿಂದಲೇ ಬಯಲಾಗುವುದು. ಐರೋಪ್ಯ ಒಕ್ಕೂಟದಲ್ಲಿ ಕಚ್ಚಾ ಹಾಲಿಗೆ ವಿಧಿಸಿರುವ ಮಿತಿ 4 ಲಕ್ಷ. ಅಮೆರಿಕದಲ್ಲಿ ಅದು 7.5 ಲಕ್ಷ.

ಉತ್ಪಾದಕರಿಗೆ ಇದರಿಂದ ಆಗುವ ನಷ್ಟ ಬರಿಯ ಹೆಸರಿನದಲ್ಲ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು. ಪನೀರ್ ಮತ್ತು ಚೀಸ್ ಆಗಿ ಗಟ್ಟಿಯಾಗಿ ನಿಲ್ಲಬೇಕಾದದ್ದೇ ಆ ಕೇಸೀನ್. ಅದು ತುಂಡಾದಷ್ಟೂ ಹಿಂಡಿದ ನೀರಿನೊಡನೆ ಹೊರಟುಹೋಗುತ್ತದೆ. ಜಿಡ್ಡು ಸರಿಯಿದ್ದರೂ ನೂರು ಲೀಟರಿಗೆ ಬರಬೇಕಾದ ಪನೀರ್ ಬರಲಿಲ್ಲವೆಂದು ಪೇಚಾಡುವ ಉದ್ಯಮಿಗಳು ಈ ದಿಕ್ಕಿನಲ್ಲಿಯೂ ಒಮ್ಮೆ ನೋಡುವುದು ಒಳ್ಳೆಯದು.

ಎಣಿಸುವ ವಿಧಾನಗಳಲ್ಲಿ ಹಳೆಯದು ಸೂಕ್ಷ್ಮದರ್ಶಕದ್ದು. ಪ್ರೆಸ್ಕಾಟ್ ಮತ್ತು ಬ್ರೀಡ್ ಎಂಬಿಬ್ಬರು 1910ರಲ್ಲಿ ಪ್ರಕಟಿಸಿದ ಕ್ರಮದಂತೆ, 0.01 ಮಿಲಿಲೀಟರ್ ಹಾಲನ್ನು ಗಾಜಿನ ಮೇಲೆ ಒಂದು ಚದರ ಸೆಂಟಿಮೀಟರ್ ಹರಡಿ, ಬಣ್ಣ ಕೊಟ್ಟು, ಕಣ್ಣಿನಿಂದ ಎಣಿಸುವುದು. ಇಂದಿಗೂ ಬೇರೆ ಯಂತ್ರಗಳನ್ನು ಒರೆಗೆ ಹಚ್ಚುವುದು ಸೂಕ್ಷ್ಮದರ್ಶಕದ ಎಣಿಕೆಯಿಂದಲೇ. ಆದರೆ ದಿನಕ್ಕೆ ಐವತ್ತು ಮಾದರಿ ನೋಡಬೇಕಾದ ಘಟಕಕ್ಕೆ ಅದು ಆಗದ ಮಾತು.

ಮಾರುಕಟ್ಟೆಯಲ್ಲಿ ದೊರೆಯುವ ಯಂತ್ರಗಳಲ್ಲಿ ಎರಡು ಜಾತಿ. ಮೊದಲನೆಯದು ಬೆಳಕಿನದು. ಕೋಶದೊಳಗಿನ ಡಿಎನ್‌ಎಗೆ ಅಂಟುವ ವರ್ಣದ್ರವ್ಯವನ್ನು ಹಾಲಿಗೆ ಬೆರೆಸಿ, ನಿರ್ದಿಷ್ಟ ಬಣ್ಣದ ಬೆಳಕು ಬಿಟ್ಟಾಗ ಕೋಶಗಳು ಚುಕ್ಕೆಗಳಂತೆ ಹೊಳೆಯುತ್ತವೆ; ಕ್ಯಾಮರಾ ಅಥವಾ ಸಂವೇದಕ ಆ ಚುಕ್ಕೆಗಳನ್ನು ಎಣಿಸುತ್ತದೆ. ಡೆನ್ಮಾರ್ಕಿನ ಫಾಸೊಮ್ಯಾಟಿಕ್, ಕೈಯಲ್ಲಿ ಹಿಡಿದು ಒಯ್ಯಬಹುದಾದ ಡಿಲಾವಲ್ ಕೋಶಗಣಕ, ಬಲ್ಗೇರಿಯದ ಲ್ಯಾಕ್ಟೋಸ್ಕ್ಯಾನ್ ಇವು ಈ ಗುಂಪಿನವು. ಎರಡನೆಯ ಜಾತಿ ಕೋಶಗಳನ್ನು ಎಣಿಸುವುದೇ ಇಲ್ಲ. ರಾಸಾಯನಿಕ ದ್ರಾವಣ ಬೆರೆಸಿದಾಗ ಕೋಶಗಳು ಒಡೆದು, ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಆ ಲೋಳೆ ಸಣ್ಣ ಕೊಳವೆಯಿಂದ ಇಳಿಯಲು ಹಿಡಿಯುವ ಸಮಯವನ್ನು ಅಳೆದು ಕೋಶಗಳ ಸಂಖ್ಯೆಯನ್ನು ಅಂದಾಜು ಮಾಡಲಾಗುತ್ತದೆ. ಬಲ್ಗೇರಿಯದಲ್ಲಿಯೇ ತಯಾರಾಗುವ ಇಕೋಮಿಲ್ಕ್ ಸ್ಕ್ಯಾನ್ ಈ ಬಗೆಯದು. ಪಶುವೈದ್ಯರು ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಮಾಡುವ, 1957ರಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ರೂಪಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆ, ಅಂದರೆ ಸಿಎಂಟಿಯ ತತ್ತ್ವವೂ ಇದೇ. ಬೆಲೆಯ ದೃಷ್ಟಿಯಿಂದ ಎರಡನೆಯ ಜಾತಿ ಸಣ್ಣ ಘಟಕಗಳ ಕೈಗೆಟುಕುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಬಲ್ಗೇರಿಯದ ಈ ಎರಡು ಯಂತ್ರಗಳು ತಯಾರಾಗುವುದು ರಾಜಧಾನಿಯಲ್ಲಲ್ಲ. ಸ್ಟಾರಾ ಝಗೋರಾ ಮತ್ತು ನೋವಾ ಝಗೋರಾ ಎಂಬ ಜಿಲ್ಲಾ ಪ್ರದೇಶದ ಊರುಗಳಲ್ಲಿ. ಅವೆರಡರ ನಡುವಿನ ದೂರ ಹೆಚ್ಚುಕಡಿಮೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಇರುವಷ್ಟೇ. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಗುಂಡ್ಲುಪೇಟೆಯ ಮೂರು ಮುಂಜಾವುಗಳು

ಈಗ ಪ್ರಸಂಗಕ್ಕೆ ಬರೋಣ. ಆ ಪನೀರ್ ಘಟಕದ ಗಿರಾಕಿಗಳು ವಯನಾಡು ಮತ್ತು ಉದಕಮಂಡಲದ ಹೋಟೆಲುಗಳು. ಬಂಡೀಪುರ ಅರಣ್ಯದ ಮೂಲಕ ಹೋಗುವ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿರುವುದು ನಮ್ಮ ವರ್ತಕರಿಗೆ ತಿಳಿದ ಸಂಗತಿಯೇ. ಮದ್ದೂರು ಹಾಗೂ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ತೆರೆಯುವ ಹೊತ್ತಿಗೆ ಸರಕಿನ ಗಾಡಿ ಸರದಿಯಲ್ಲಿ ನಿಂತಿರಬೇಕು. ಆದ್ದರಿಂದ ಘಟಕದಲ್ಲಿ ದಿನ ಆರಂಭವಾಗುವುದು ಬೆಳಗಿನ ಐದು ಗಂಟೆಗೆ. ಒಂದು ಕಡೆ ಹಿಂದಿನ ದಿನದ ಪನೀರನ್ನು ಗಾಡಿಗೆ ತುಂಬುವ ಗಡಿಬಿಡಿ, ಇನ್ನೊಂದು ಕಡೆ ಹಳ್ಳಿಗಳಿಂದ ಬರುವ ಹೊಸ ಹಾಲಿನ ಪರೀಕ್ಷೆ.

ಕೊಳವೆ ಬಗೆಯ ಕೋಶಗಣಕವನ್ನು ಅವರು ಕೊಂಡು ಎರಡು ತಿಂಗಳಾಗಿತ್ತು. ಯಂತ್ರವನ್ನು ಮಾರಿದವನು ನಾನೇ. ಜನವರಿಯ ಎರಡನೆಯ ವಾರ ಘಟಕದ ಯಜಮಾನರು ದೂರವಾಣಿಯಲ್ಲಿ ಹೇಳಿದ ಮಾತು ಇಷ್ಟೇ: ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ, ಕೆಚ್ಚಲು ಬಾವಿನ ಹಾಲನ್ನು ಹಿಡಿದುಕೊಟ್ಟಿದೆ, ತೆರಕಣಾಂಬಿ ಕಡೆಯ ಕೆಲವರ ಹಾಲನ್ನು ಮೂರು ದಿನದಿಂದ ವಾಪಸು ಕಳುಹಿಸುತ್ತಿದ್ದೇವೆ. ಅವರು ಕರೆ ಮಾಡಿದ್ದು ದೂರು ಹೇಳಲಿಕ್ಕಲ್ಲ, ಇನ್ನಷ್ಟು ರಾಸಾಯನಿಕ ಪುಡಿ ಕಳುಹಿಸಲು. ನಾನೂ ಸಂತೋಷಪಟ್ಟೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪುಡಿ ಕೊಡಲು ಹೋದ ದಿನ ಬಾಗಿಲಲ್ಲಿ ಒಬ್ಬ ಹೆಂಗಸು ಖಾಲಿಯಾಗದ ಕ್ಯಾನಿನೊಡನೆ ನಿಂತಿದ್ದರು. ಎರಡು ಹಸು, ಬೆಳಿಗ್ಗೆ ಆರೇಳು ಲೀಟರ್ ಹಾಲು. "ನಮ್ಮ ಹಸಕ್ಕೆ ಏನೂ ಆಗಿಲ್ಲ ಕನಪ್ಪ, ನಿಮ್ಮ ಮಿಸಿನ್‌ಗೇ ಏನೋ ಆಗದ" ಎಂದರು. ಹಿಂದಿನ ದಿನ ಪಶುವೈದ್ಯರಿಗೆ ತೋರಿಸಿದ್ದರಂತೆ. ಅವರು ಕೆಚ್ಚಲನ್ನು ಮುಟ್ಟಿ ನೋಡಿ ಬಾವಿಲ್ಲವೆಂದಿದ್ದರಂತೆ. ಗುಪ್ತ ಬಾವು ಮುಟ್ಟಿದರೆ ತಿಳಿಯುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ವಿವರಣೆಯೇನೋ ಶಾಸ್ತ್ರಸಮ್ಮತವಾದದ್ದೇ. ಆದರೆ ಆಕೆಯ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಘಟಕದ ರಿಜಿಸ್ಟರಿನಲ್ಲಿ ಪ್ರತಿಯೊಬ್ಬ ಹಾಲು ಹಾಕುವವರಿಗೂ ಒಂದೊಂದು ಪುಟ. ಆ ಪುಟದಲ್ಲಿ ನೋಡಿದರೆ ಮೂರು ದಿನವೂ ಎಂಟು ಒಂಬತ್ತು ಲಕ್ಷ. ಯಾರೇ ಆದರೂ ಹಸುವಿಗೆ ರೋಗವೆಂದೇ ಹೇಳುವಂತಿತ್ತು. ಯಂತ್ರದ ಸ್ಮೃತಿಯಲ್ಲಿ ಪ್ರತಿ ಅಂಕಿಯ ಪಕ್ಕ ಸಮಯವೂ ದಾಖಲಾಗಿರುತ್ತದೆ. ಅದನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಹೆಸರುಗಳನ್ನು ಬದಿಗಿಟ್ಟು, ಗಡಿಯಾರದ ಕ್ರಮದಲ್ಲಿ ಜೋಡಿಸಿದೆ. 5.40ಕ್ಕೆ 9.1 ಲಕ್ಷ, ಆಮೇಲೆ 8.6, 7.4, 5.9, ಏಳು ಗಂಟೆ ದಾಟಿದ ಮೇಲೆ ಬಂದ ಬೇಗೂರು ಕಡೆಯ ಹಾಲೆಲ್ಲ ಎರಡು ಲಕ್ಷದ ಆಸುಪಾಸು. ಮರುದಿನವೂ ಅದೇ ಇಳಿಜಾರು. ಮೂರನೆಯ ದಿನವೂ ಅದೇ. ಹಸುಗಳು ಗಡಿಯಾರ ನೋಡಿ ರೋಗ ತಂದುಕೊಳ್ಳುವುದಿಲ್ಲವಷ್ಟೆ!

ಕಾರಣ ಅಲ್ಲಿಗೆ ಬಹುಮಟ್ಟಿಗೆ ಸ್ಪಷ್ಟವಾಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಆ ದಿನಗಳಲ್ಲಿ ತಗಡಿನ ಚಾವಣಿಯ ಪರೀಕ್ಷಾ ಕೋಣೆ ಬೆಳಗಿನ ಜಾವ 16 ಡಿಗ್ರಿಗೆ ಇಳಿದಿತ್ತು. ದ್ರಾವಣದ ಬಾಟಲಿ ರಾತ್ರಿಯೆಲ್ಲ ಅದೇ ಕೋಣೆಯ ಸಿಮೆಂಟು ನೆಲದ ಮೇಲೆ. ಯಾವುದೇ ದ್ರವ ತಣ್ಣಗಾದಷ್ಟೂ ಮಂದವಾಗುತ್ತದೆ, ಕೊಳವೆಯಿಂದ ನಿಧಾನವಾಗಿ ಇಳಿಯುತ್ತದೆ. ನಿಧಾನವಾಗಿ ಇಳಿದದ್ದನ್ನೆಲ್ಲ ಯಂತ್ರ ಕೋಶ ಹೆಚ್ಚಿದೆ ಎಂದೇ ಓದುತ್ತದೆ. ಕೈಪಿಡಿಯಲ್ಲಿ ಕೋಣೆಯ ಉಷ್ಣತೆಯ ಬಗೆಗೂ ಯಂತ್ರ ಬೆಚ್ಚಗಾಗಲು ಬಿಡಬೇಕಾದ ಅವಧಿಯ ಬಗೆಗೂ ಸೂಚನೆಯಿತ್ತು, ಇಂಗ್ಲಿಷಿನಲ್ಲಿ. ಗಾಡಿ ತುಂಬುವ ಗಡಿಬಿಡಿಯಲ್ಲಿ ಪರೀಕ್ಷಕ ಹುಡುಗ ಯಂತ್ರದ ಗುಂಡಿ ಒತ್ತಿದೊಡನೆ ಮೊದಲ ಮಾದರಿ ಹಾಕುತ್ತಿದ್ದ. ನವೆಂಬರಿನಲ್ಲಿ ನಾನು ಯಂತ್ರ ಕೂರಿಸಿ ತರಬೇತಿ ಕೊಟ್ಟದ್ದು ಮಧ್ಯಾಹ್ನ ಹನ್ನೆರಡರಲ್ಲಿ.

ಆ ಹೆಂಗಸಿನ ಹಾಲಿನ ಮಾದರಿಯನ್ನೇ ಎತ್ತಿಟ್ಟು, ಹಾಲು ಮತ್ತು ದ್ರಾವಣ ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಹದಕ್ಕೆ ತಂದು ಏಳೂವರೆಗೆ ಮತ್ತೆ ಪರೀಕ್ಷಿಸಿದೆವು. ಬೆಳಿಗ್ಗೆ 8.6 ಲಕ್ಷ ತೋರಿಸಿದ್ದ ಹಾಲು 1.8 ಲಕ್ಷಕ್ಕೆ ಬಂತು. ಸಿಎಂಟಿ ತಟ್ಟೆಯಲ್ಲಿಯೂ ಲೋಳೆ ಕಟ್ಟಲಿಲ್ಲ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಪ್ರಶ್ನೆಗಳಿಗೂ ಒಂದು ಸರದಿ

ಯಂತ್ರ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಪರದೆಯ ಮೇಲೆ ಯಾವ ದೋಷಸಂಕೇತವೂ ಬಂದಿರಲಿಲ್ಲ. ಕೆಟ್ಟು ನಿಂತ ಯಂತ್ರದಿಂದ ನಷ್ಟ ಕಡಿಮೆ, ಏಕೆಂದರೆ ಅದು ನಿಂತಿದೆಯೆಂದು ಎಲ್ಲರಿಗೂ ತಿಳಿಯುತ್ತದೆ. ನಡೆಯುತ್ತಲೇ ತಪ್ಪು ಹೇಳುವ ಯಂತ್ರ ಒಬ್ಬರ ಅನ್ನಕ್ಕೆ ಕಲ್ಲು ಹಾಕುತ್ತದೆ, ಇನ್ನೊಬ್ಬರ ವ್ಯಾಪಾರಕ್ಕೆ ಕೆಟ್ಟ ಹೆಸರು ತರುತ್ತದೆ. ತಯಾರಕರು ಕೊಡುವ ದೋಷಪತ್ತೆ ಸೂಚಿಗಳು ಬಹುಮಟ್ಟಿಗೆ ಮೊದಲನೆಯ ಬಗೆಯ ತೊಂದರೆಗೆ ಮಾತ್ರ. ಪಂಪು ತಿರುಗುತ್ತಿಲ್ಲ, ದೀಪ ಹತ್ತುತ್ತಿಲ್ಲ, ಮಾದರಿ ಸಿಗುತ್ತಿಲ್ಲ, ಇಷ್ಟೇ.

ಹೀಗಾಗಿ ಚಾಮರಾಜನಗರದ ಒಬ್ಬ ಯುವ ಇಂಜಿನಿಯರ್ ಪದವೀಧರರೊಡನೆ ಕುಳಿತು ಒಂದು ಸಣ್ಣ ತಂತ್ರಾಂಶವನ್ನು ಸಿದ್ಧಪಡಿಸಿದೆವು. ಅದು ಯಂತ್ರದಿಂದ ಬರುವ ಪ್ರತಿ ಅಂಕಿಯನ್ನೂ ಸಮಯ, ಮಾದರಿ ಸಂಖ್ಯೆ, ಉಷ್ಣತೆಗಳೊಡನೆ ದಾಖಲಿಸುತ್ತದೆ. ಅಂಕಿ ಅನುಮಾನಾಸ್ಪದವೆನಿಸಿದರೆ ಪರೀಕ್ಷಕನಿಗೆ ಒಂದೊಂದಾಗಿ ಕನ್ನಡದಲ್ಲಿ ಪ್ರಶ್ನೆ ಕೇಳುತ್ತದೆ. ಇದರಲ್ಲಿ ಯಾವ ಮಹಾ ಜಾಣ್ಮೆಯೂ ಇಲ್ಲ. ಇರುವುದು ಪ್ರಶ್ನೆಗಳ ಸರದಿ ಮಾತ್ರ, ಮತ್ತು ಆ ಸರದಿಯನ್ನು ನಿರ್ಧರಿಸಲು ನಮಗೆ ಐದು ತಿಂಗಳು ಹಿಡಿಯಿತು.

ಮೊದಲು ಕೇಳುವುದು ಅದೇ ಮಾದರಿಯನ್ನು ಮತ್ತೆ ಎರಡು ಬಾರಿ ಪರೀಕ್ಷಿಸಿ ಎಂದು. ಖರ್ಚು ಸ್ವಲ್ಪ ದ್ರಾವಣ, ನಾಲ್ಕಾರು ನಿಮಿಷ. ಮೂರು ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ದೋಷ ಬಹುತೇಕ ಮಾದರಿಯಲ್ಲಿ ಅಥವಾ ಕೊಳವೆಯಲ್ಲಿ. ಹಾಲನ್ನು ಸರಿಯಾಗಿ ಕಲಕಿಲ್ಲ, ಗಾಳಿಗುಳ್ಳೆ ಸೇರಿದೆ, ತೊಳೆಯದೆ ಹಿಂದಿನ ಹಾಲು ಉಳಿದಿದೆ. ಕಲಕುವುದು ಅಲಕ್ಷಿಸುವಂಥದ್ದಲ್ಲ. ನಿಂತ ಹಾಲಿನಲ್ಲಿ ಕೆನೆ ಮೇಲೇರುವಾಗ ಕೋಶಗಳೂ ಕೆನೆಯೊಡನೆ ಮೇಲೇರುತ್ತವೆ. ಕ್ಯಾನಿನ ಮೇಲಿನಿಂದ ತೆಗೆದ ಮಾದರಿಗೂ ತಳದಿಂದ ತೆಗೆದದ್ದಕ್ಕೂ ಅಜಗಜಾಂತರ. ಮೂರೂ ಅಂಕಿ ತಾಳೆಯಾಗಿಯೂ ಹೆಚ್ಚೇ ಬಂದರೆ ಮುಂದಿನ ಪ್ರಶ್ನೆ: ಇಂದು ಪರೀಕ್ಷಿಸಿದ ಉಳಿದ ಮಾದರಿಗಳು ಹೇಗಿವೆ? ಎಲ್ಲವೂ ಒಟ್ಟಿಗೆ ಏರಿದ್ದರೆ ಹಸುಗಳನ್ನು ಬಿಟ್ಟು ಯಂತ್ರವನ್ನು ನೋಡಬೇಕು. ಗಡಿಯಾರದೊಡನೆ ಇಳಿಯುತ್ತಿದ್ದರೆ ಉಷ್ಣತೆ. ದಿನದಿಂದ ದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ಕೊಳವೆಯೊಳಗೆ ಹಾಲಿನ ಗಾರೆ ಕಟ್ಟುತ್ತಿದೆಯೆಂದು ಅರ್ಥ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆಯುವ ಕಡೆ ಇದು ಬೇಗ ಆಗುತ್ತದೆ. ಹೊಸ ಬಾಟಲಿ ತೆರೆದ ದಿನ ಒಮ್ಮೆಗೇ ಏರಿದ್ದರೆ ದ್ರಾವಣ. ಪುಡಿಯನ್ನು ಕರಗಿಸಿದ ನೀರು ಭಟ್ಟಿ ಇಳಿಸಿದ್ದೋ ನಲ್ಲಿಯದೋ ಎಂದು ತಂತ್ರಾಂಶ ಕೇಳುತ್ತದೆ, ಮತ್ತು ಈ ಪ್ರಶ್ನೆಗೆ ಸತ್ಯವಾದ ಉತ್ತರ ಎರಡನೆಯ ಸಲ ಕೇಳಿದಾಗ ಬರುತ್ತದೆಂಬುದು ನಮ್ಮ ಅನುಭವ.

ಒಬ್ಬರ ಹಾಲು ಮಾತ್ರ ಏರಿದ್ದು ಉಳಿದದ್ದೆಲ್ಲ ಸಮವಾಗಿದ್ದಾಗಲೇ ಹಸುವಿನ ಸರದಿ. ಆಗಲೂ ಮೊದಲು ಕೇಳುವುದು ಕರು ಹಾಕಿ ಎಷ್ಟು ದಿನವಾಯಿತು, ಹಾಲು ಬತ್ತುವ ಕಾಲವೇ ಎಂದು. ಗಿಣ್ಣು ಹಾಲಿನಲ್ಲೂ ಬತ್ತುವ ಹೊತ್ತಿನ ಹಾಲಿನಲ್ಲೂ ರೋಗವಿಲ್ಲದೆಯೇ ಕೋಶಗಳು ಹೆಚ್ಚಿರುತ್ತವೆ. ಮೇಕೆ ಹಾಲನ್ನು ಪರೀಕ್ಷಿಸುವವರಿಗೆ ಬೇರೆಯದೇ ಎಚ್ಚರಿಕೆ ಬೇಕು: ಅದರಲ್ಲಿ ಡಿಎನ್‌ಎ ಇಲ್ಲದ ಕಣಗಳು ಸಹಜವಾಗಿಯೇ ಹೇರಳ, ಡಿಎನ್‌ಎಯನ್ನು ಗುರುತಿಸದ ವಿಧಾನ ಅವನ್ನೂ ಕೋಶವೆಂದೇ ಎಣಿಸಿಬಿಡುತ್ತದೆ.

ನಮ್ಮ ಮೊದಲ ಆವೃತ್ತಿಯ ದೊಡ್ಡ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಬಂದು ದೋಷ ಸಿಗದಿದ್ದರೆ ತಂತ್ರಾಂಶ ಕೊನೆಗೆ "ಕೆಚ್ಚಲು ಬಾವು ಇರಬಹುದು" ಎಂದು ತೋರಿಸುತ್ತಿತ್ತು. ಅಂದರೆ ನಮಗೆ ತಿಳಿಯದ್ದನ್ನೆಲ್ಲ ಹಸುವಿನ ತಲೆಗೆ ಕಟ್ಟಿದ್ದೆವು. ಈಗ ಆ ಸ್ಥಳದಲ್ಲಿ "ಕಾರಣ ತಿಳಿದಿಲ್ಲ. ಸಿಎಂಟಿ ಮಾಡಿಸಿ. ಅಲ್ಲಿಯವರೆಗೆ ಹಾಲು ವಾಪಸು ಮಾಡಬೇಡಿ" ಎಂಬ ವಾಕ್ಯವಿದೆ. ಕೊನೆಯ ವಾಕ್ಯಕ್ಕೆ ಒಬ್ಬ ಉದ್ಯಮಿ ಮಿತ್ರರು ಆಕ್ಷೇಪಿಸಿದರು. ಹಾಲು ಕೊಳ್ಳುವುದು ಬಿಡುವುದು ತಮ್ಮ ಹಕ್ಕು, ಅದನ್ನು ತಂತ್ರಾಂಶ ಹೇಳಬಾರದು ಎಂದರು. ಅವರ ಮಾತಿನಲ್ಲಿಯೂ ಹುರುಳಿದೆ. ವಾಕ್ಯವನ್ನು ಮಾತ್ರ ಇನ್ನೂ ತೆಗೆದಿಲ್ಲ.

ಇನ್ನೊಬ್ಬರು ಕೇಳಿದ್ದು ಬೇರೆ. ಯಂತ್ರ ಹೆಚ್ಚು ತೋರಿಸುತ್ತಿದೆಯೆಂದು ಗೊತ್ತಾದ ಮೇಲೆ, ಅಂಕಿಯನ್ನು ಇಷ್ಟರಿಂದ ಭಾಗಿಸಿ ಸರಿಪಡಿಸುವ ಗುಂಡಿಯೊಂದನ್ನು ಇಟ್ಟುಕೊಡಿ ಎಂದು. ಇದಕ್ಕೆ ಮಾತ್ರ ನಾನು ಖಂಡಿತ ಒಪ್ಪಲಿಲ್ಲ. ಇಂದು ಯಂತ್ರವನ್ನು ಸರಿಪಡಿಸಲು ಇಟ್ಟ ಗುಂಡಿ ನಾಳೆ ದರ ಇಳಿಸುವ ಗುಂಡಿಯಾಗುತ್ತದೆ. ತಂತ್ರಾಂಶ ಯಂತ್ರದ ಮೂಲ ಅಂಕಿಯನ್ನು ಮುಟ್ಟಬಾರದು, ಅಳಿಸಬಾರದು. ಸಂಶಯವಿದ್ದರೆ ಅದರ ಪಕ್ಕ ಷರಾ ಬರೆಯಬೇಕು, ಅಷ್ಟೆ.

ಅಲ್ಪವಿರಾಮದ ಉಪದ್ರವ

ಕ್ಯಾಮರಾ, ಕೊಳವೆಗಳಿಗಿಂತ ಹೆಚ್ಚು ಕಾಡಿಸಿದ್ದು ಕಂಪ್ಯೂಟರಿನ ಕಡೆಯ ತೊಂದರೆಗಳು. ಬಲ್ಗೇರಿಯವೂ ಸೇರಿದಂತೆ ಯೂರೋಪಿನ ಹಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕೆಯಲ್ಲ, ಅಲ್ಪವಿರಾಮ ಹಾಕುವುದು ರೂಢಿ. ಒಂದು ಕಡೆ ಜಿಡ್ಡು ಮತ್ತು ಕೋಶ ಎರಡನ್ನೂ ಒಂದೇ ಕಡತಕ್ಕೆ ಸೇರಿಸುವ ವ್ಯವಸ್ಥೆಯಲ್ಲಿ 4,1 ಎಂದು ಬಂದ ಜಿಡ್ಡಿನಂಶವನ್ನು ಲೆಕ್ಕದ ಹಾಳೆ ಎರಡು ಅಂಕಣಗಳಾಗಿ ಒಡೆದು, ಮುಂದಿನ ಅಂಕಿಗಳನ್ನೆಲ್ಲ ಒಂದೊಂದು ಮನೆ ಬಲಕ್ಕೆ ತಳ್ಳಿತ್ತು. ಕೋಶದ ಅಂಕಣದಲ್ಲಿ ಕುಳಿತದ್ದು ಎಸ್‌ಎನ್‌ಎಫ್. ಹನ್ನೆರಡು ದಿನ ಆ ಘಟಕದ ಎಲ್ಲ ಹಾಲೂ ಅಮೃತಕ್ಕಿಂತ ಶುದ್ಧವಾಗಿತ್ತು!

ಯಂತ್ರ ತೋರಿಸುವ 245 ಎಂಬುದು ಸಾವಿರಗಳಲ್ಲಿ, ಅಂದರೆ 2.45 ಲಕ್ಷ. ನಮ್ಮಲ್ಲಿ 2,45,000 ಎಂದು ಬರೆಯುತ್ತೇವೆ, ಹೊರದೇಶದ ಕೈಪಿಡಿಯಲ್ಲಿ 245,000. ಇದನ್ನು ಕೈಯಲ್ಲಿ ನಕಲು ಮಾಡುವ ಗುಮಾಸ್ತರು ಒಂದು ಸೊನ್ನೆ ಹೆಚ್ಚುಕಡಿಮೆ ಮಾಡುವುದು ಆಶ್ಚರ್ಯವಲ್ಲ. ತಂತ್ರಾಂಶದಲ್ಲಿ ಅಂಕಿಯ ಕೆಳಗೆ "ಲಕ್ಷ" ಎಂದು ಅಕ್ಷರದಲ್ಲಿ ಮುದ್ರಿಸಿದ ಮೇಲೆ ಈ ತಪ್ಪು ನಿಂತಿತು. ಯುಎಸ್‌ಬಿ ತಂತಿಯನ್ನು ಬೇರೆ ತೂತಿಗೆ ಚುಚ್ಚಿದರೆ ಕಂಪ್ಯೂಟರು ಅದಕ್ಕೆ ಹೊಸ ಪೋರ್ಟ್ ಸಂಖ್ಯೆ ಕೊಡುತ್ತದೆ, ಹಳೆಯ ಸಂಖ್ಯೆಯಲ್ಲಿ ಕಾಯುತ್ತಿರುವ ತಂತ್ರಾಂಶ "ಯಂತ್ರ ಉತ್ತರಿಸುತ್ತಿಲ್ಲ" ಎನ್ನುತ್ತದೆ. ಇಷ್ಟಕ್ಕಾಗಿ ಮೈಸೂರಿನಿಂದ ಅರವತ್ತು ಕಿಲೋಮೀಟರ್ ತಂತ್ರಜ್ಞರನ್ನು ಕರೆಸಿ ಹಣ ತೆತ್ತವರಿದ್ದಾರೆ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಸೂಚನೆಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೀಚುಗಳಾಗಿ ಕಂಡದ್ದರಿಂದ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಬೇಕಾಯಿತು.

ಕರಾರಿನಲ್ಲಿ ಏನಿರಬೇಕು?

ಕೋಶಗಳ ಎಣಿಕೆಗೆ ದರವನ್ನು ಜೋಡಿಸಲು ಹೊರಟಿರುವ ಉದ್ಯಮಿಗಳು ಒಂದು ಲೆಕ್ಕವನ್ನು ತಿಳಿದಿರುವುದು ಅವಶ್ಯ. ಕಣಗಳನ್ನು ಎಣಿಸುವ ಯಾವುದೇ ವಿಧಾನದಲ್ಲಿ, ಯಂತ್ರ ಎಷ್ಟೇ ನಿಖರವಾಗಿದ್ದರೂ, ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜ. ಬೆಳಕಿನ ಬಗೆಯ ಯಂತ್ರ ತನ್ನ ಚಿತ್ರದಲ್ಲಿ ನಿಜವಾಗಿ 100 ಚುಕ್ಕೆಗಳನ್ನು ಎಣಿಸಿದ್ದರೆ ಹತ್ತರಷ್ಟು ಆಚೀಚೆ, ಅಂದರೆ ನೂರಕ್ಕೆ ಹತ್ತು. 400 ಎಣಿಸಿದ್ದರೆ ಇಪ್ಪತ್ತು, ಅಂದರೆ ನೂರಕ್ಕೆ ಐದು. ಹೀಗಿರುವಾಗ ನಾಲ್ಕು ಲಕ್ಷದ ಗೆರೆ ಎಳೆದು, 3.9 ಬಂದವರಿಗೆ ಪೂರ್ಣ ದರ, 4.1 ಬಂದವರಿಗೆ ಕಡಿತ ಎನ್ನುವುದು ನ್ಯಾಯವಾಗಲಾರದು. ಅವೆರಡೂ ಒಂದೇ ಹಾಲಿನವಾಗಿರಬಹುದು. ಯಂತ್ರ ಕೊಳ್ಳುವಾಗ ಅದು ಪ್ರತಿ ಪರೀಕ್ಷೆಯಲ್ಲಿ ಎಷ್ಟು ಕೋಶಗಳನ್ನು ನಿಜವಾಗಿ ಎಣಿಸುತ್ತದೆ ಎಂದು ಮಾರಾಟಗಾರರನ್ನು ಕೇಳಿ. ಉತ್ತರ ತಿಳಿಯದ ಮಾರಾಟಗಾರರಲ್ಲಿ ಮೊದಲ ಎರಡು ವರ್ಷ ನಾನೂ ಒಬ್ಬನಾಗಿದ್ದೆ.

ಐರೋಪ್ಯ ಒಕ್ಕೂಟದ ನಿಯಮ ಈ ವಿಷಯದಲ್ಲಿ ಅನುಕರಣೀಯ. ಅಲ್ಲಿ ಒಂದು ದಿನದ ಅಂಕಿಯನ್ನು ಹಿಡಿದು ಯಾರನ್ನೂ ಹೊರಹಾಕುವುದಿಲ್ಲ. ತಿಂಗಳಿಗೆ ಕನಿಷ್ಠ ಒಂದು ಮಾದರಿಯಂತೆ ಮೂರು ತಿಂಗಳ ಗುಣೋತ್ತರ ಸರಾಸರಿಯನ್ನು ತೆಗೆಯುತ್ತಾರೆ. ಗುಣೋತ್ತರ ಸರಾಸರಿಯ ಗುಣವೆಂದರೆ ಒಂದು ಕೆಟ್ಟ ದಿನ ಉಳಿದ ಒಳ್ಳೆಯ ದಿನಗಳನ್ನು ನುಂಗಲು ಬಿಡುವುದಿಲ್ಲ. ಒಬ್ಬರ ಹಾಲು ಮೂರು ಸಲ 1, 1 ಮತ್ತು 8 ಲಕ್ಷ ಬಂದಿತೆನ್ನಿ. ಸಾಮಾನ್ಯ ಸರಾಸರಿ 3.33 ಲಕ್ಷ. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 2 ಲಕ್ಷ. ಲೆಕ್ಕದ ಹಾಳೆಯಲ್ಲಿ ಇದಕ್ಕೆ ಸಿದ್ಧ ಸೂತ್ರವೇ ಇದೆ.

ಇನ್ನು ಒರೆಗಲ್ಲಿನ ವಿಷಯ. ಹಾಲಿನ ಕೋಶ ಎಣಿಕೆಗೆ ಪ್ರಮಾಣೀಕೃತ ಮಾದರಿಯೊಂದನ್ನು ಯೂರೋಪಿನ ಜಂಟಿ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ್ದು 2020ರಲ್ಲಿ. ಅಲ್ಲಿಯವರೆಗೆ ಜಗತ್ತಿನ ದೊಡ್ಡ ಪ್ರಯೋಗಾಲಯಗಳೂ ಪರಸ್ಪರ ಹೋಲಿಸಿಕೊಂಡೇ ಕಾಲ ಹಾಕಿದ್ದವು. ಆ ಮಾದರಿಯನ್ನು ತರಿಸುವುದು ನಮ್ಮ ಸಣ್ಣ ಘಟಕಗಳಿಗೆ ಸಾಧ್ಯವಾಗದು. ಆದರೆ ಇಬ್ಬರು ಮೂವರು ಸದಸ್ಯರು ಕೂಡಿ ವಾರಕ್ಕೊಮ್ಮೆ ಒಂದೇ ಹಾಲನ್ನು ಚೆನ್ನಾಗಿ ಕಲಕಿ, ಭಾಗ ಮಾಡಿ, ತಂತಮ್ಮ ಯಂತ್ರಗಳಲ್ಲಿ ಪರೀಕ್ಷಿಸಿ ಅಂಕಿಗಳನ್ನು ಹಂಚಿಕೊಳ್ಳಲು ಅಡ್ಡಿಯೇನೂ ಇಲ್ಲ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಮೂರು ಘಟಕಗಳು ಮಂಗಳವಾರಗಳಂದು ಹೀಗೆ ಮಾಡುತ್ತಿವೆ. ತಂತ್ರಾಂಶ ಹುಡುಕಲಾಗದ ಎರಡು ದೋಷಗಳು ಹೊರಬಿದ್ದದ್ದು ಈ ಮಂಗಳವಾರದ ಹಾಲಿನಿಂದಲೇ. ಅವುಗಳಲ್ಲಿ ಒಂದು ನನ್ನ ಅಂಗಡಿಯಿಂದ ಹೋದ, ಅವಧಿ ಮುಗಿದ ಪುಡಿ.

ಉಪಕರಣ ಮಾರುವ ವರ್ತಕ ಮಿತ್ರರಿಗೆ ವ್ಯಾಪಾರದ ಮಾತು ಒಂದಿದೆ. ಯಂತ್ರದ ಮೇಲಿನ ಲಾಭ ಒಮ್ಮೆ ಮಾತ್ರ, ಅದೂ ಈಗ ಅಂತರ್ಜಾಲದ ಬೆಲೆಯೊಡನೆ ಪೈಪೋಟಿಯಲ್ಲಿ ಕರಗುತ್ತಿದೆ. ದ್ರಾವಣ, ಕೊಳವೆ, ತೊಳೆಯುವ ಪುಡಿ ಮತ್ತು ವಾರ್ಷಿಕ ನಿರ್ವಹಣೆ ವರ್ಷವರ್ಷ ಬರುವ ವರಮಾನ. ಚಳಿಗಾಲದ ಬೆಳಗಿನ ಐದೂವರೆಗೆ ಯಂತ್ರದ ಮುಂದೆ ನಿಲ್ಲುವ ಹುಡುಗನಿಗೆ ತಿಳಿಯುವ ಭಾಷೆಯಲ್ಲಿ ಸೂಚನೆ ಕೊಡದವರಿಗೆ ಆ ವರಮಾನ ಸಿಗುವುದಿಲ್ಲ. ತಯಾರಕರಿಗೂ ಅವಕಾಶವಿದೆ: ಹಾಲು ಮತ್ತು ದ್ರಾವಣವನ್ನು ಹದದ ಉಷ್ಣತೆಯಲ್ಲಿಡುವ, ಎಂಟು ಹತ್ತು ಬಾಟಲಿ ಹಿಡಿಸುವ, ಥರ್ಮೋಸ್ಟಾಟ್ ಇರುವ ತಗಡಿನ ಪೆಟ್ಟಿಗೆಯನ್ನು ನಮ್ಮ ಊರಿನ ವರ್ಕ್‌ಶಾಪಿನಲ್ಲಿಯೇ ಮಾಡಿಸಿದ್ದೇನೆ. ಇಂಥ ಪೆಟ್ಟಿಗೆಯನ್ನು ಹೊರಗಿನಿಂದ ತರಿಸುವ ಅಗತ್ಯ ನನಗಂತೂ ಕಂಡಿಲ್ಲ.

ಆ ಪನೀರ್ ಘಟಕದಲ್ಲಿ ಈಗ ಯಂತ್ರವನ್ನು ಐದಕ್ಕೆ ಚಾಲೂ ಮಾಡಿ, ಮೊದಲ ಮಾದರಿಯನ್ನು ಐದೂ ಮುಕ್ಕಾಲಿಗೆ ಹಾಕುತ್ತಾರೆ. ಅದಕ್ಕೂ ಮೊದಲು ತಂತ್ರಾಂಶ ಬೀಗ ತೆಗೆಯುವುದಿಲ್ಲ. ಹಾಲು ವಾಪಸಾಗಿದ್ದ ನಾಲ್ವರ ಮನೆಗೂ ಯಜಮಾನರು ಖುದ್ದಾಗಿ ಹೋಗಿ ಮೂರು ದಿನದ ಹಾಲಿನ ಹಣ ಕೊಟ್ಟು ಬಂದರು. ಮೂವರು ಮರಳಿ ಬಂದಿದ್ದಾರೆ. ಎರಡು ಹಸುವಿನ ಆ ಹೆಂಗಸು ಹಣ ತೆಗೆದುಕೊಂಡರು, ಕಾಫಿ ಕೊಟ್ಟರು, ಹಾಲನ್ನು ಮಾತ್ರ ಇಂದಿಗೂ ಊರಿನ ಡೈರಿಗೇ ಹಾಕುತ್ತಿದ್ದಾರೆ.